ಜೈಲು ಅತಿಥಿಗೃಹವಾದಾಗ: ‘ಗಾಳಿ ಇದೆ’ ಅನ್ನುವ ಕಟ್ಟಡಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ

ಕೆನಡಾದ ಒಟ್ಟಾವಾ ನಗರದಲ್ಲಿ 1862ರಲ್ಲಿ ಶುರುವಾದ ಕಲ್ಲಿನ ಜೈಲೊಂದು 1972ರಲ್ಲಿ ಮುಚ್ಚಿತು. ಮರುವರ್ಷ ಅದೇ ಕಟ್ಟಡ ಪ್ರವಾಸಿಗಳು ತಂಗುವ ಹಾಸ್ಟೆಲ್ ಆಯಿತು. ರಾಜಕಾರಣಿ ಥಾಮಸ್ ಡಾರ್ಸಿ ಮೆಗೀ ಅವರನ್ನು ಕೊಂದ ಆರೋಪದ ಮೇಲೆ ಪ್ಯಾಟ್ರಿಕ್ ವೇಲನ್ ಎಂಬಾತನನ್ನು 1869ರ ಫೆಬ್ರವರಿ 11ರಂದು ನೇಣಿಗೇರಿಸಿದ್ದು ಅಲ್ಲಿಯೇ. ತಾನು ಕೊಂದಿಲ್ಲ ಎಂದು ಅವನು ಹೇಳುತ್ತಲೇ ಇದ್ದ. ಇಂಥ ಹಿನ್ನೆಲೆಯ ಕಟ್ಟಡದಲ್ಲಿ ರಾತ್ರಿ ಹೆಜ್ಜೆ ಸದ್ದು ಕೇಳಿತು, ಯಾರೋ ಹಾಸಿಗೆಯ ಪಕ್ಕ ನಿಂತಿದ್ದರು ಎಂದು ಹೇಳುವವರು ಹುಟ್ಟಿಕೊಂಡದ್ದು ಸಹಜ. ಅಮೆರಿಕದ ಬಾಸ್ಟನ್‌ನ 1851ರ ಚಾರ್ಲ್ಸ್ ಸ್ಟ್ರೀಟ್ ಜೈಲು 2007ರಲ್ಲಿ ಐಷಾರಾಮಿ ಹೋಟೆಲ್ ಆಯಿತು. 1975ರಲ್ಲಿ ಮುಚ್ಚಿದ ಸ್ಟಾಕ್‌ಹೋಮ್‌ನ ಲಾಂಗ್‌ಹೋಲ್ಮನ್ ಜೈಲು 1989ರಲ್ಲಿ ಹೋಟೆಲ್ ಆಯಿತು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಜೈಲಿನದೂ ಇದೇ ಕಥೆ.

ಚಿಕ್ಕಮಗಳೂರು, ಹಾಸನದ ಕಡೆ ಜೈಲಿನ ಬದಲು ಹಳೆ ಎಸ್ಟೇಟ್ ಬಂಗಲೆಗಳು, ತೊಟ್ಟಿಮನೆಗಳು ಹೋಮ್‌ಸ್ಟೇ ಆಗುತ್ತಿವೆ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಸುತ್ತ ಒಂದೆರಡು ಬಂಗಲೆಗಳ ಬಗ್ಗೆಯಾದರೂ ‘ಅದು ಸರಿಯಿಲ್ಲವಂತೆ, ಗಾಳಿ ಇದೆಯಂತೆ’ ಎಂಬ ಮಾತು ಓಡಾಡುತ್ತಿರುತ್ತದೆ. ಎಸ್ಟೇಟಿನ ಚೌಡಿ ಬನ, ಪಂಜುರ್ಲಿ, ಗುಳಿಗನ ಕಲ್ಲು, ವರ್ಷಕ್ಕೊಮ್ಮೆ ಸಲ್ಲಿಸುವ ಸೇವೆ ನಂಬಿಕೆಯ ವಿಷಯ. ಅದಕ್ಕೂ ಈ ಲೇಖನಕ್ಕೂ ಸಂಬಂಧವಿಲ್ಲ. ಇಲ್ಲಿರುವುದು ಅತಿಥಿ ಬೆಳಿಗ್ಗೆ ಎದ್ದು ‘ರಾತ್ರಿ ಏನೋ ಆಯ್ತು’ ಎಂದಾಗ ಮನೆಯವರು ಏನು ಹುಡುಕಬೇಕು ಎಂಬ ಪ್ರಶ್ನೆ. ಅಂಥ ಪ್ರತಿಯೊಂದು ಮಾತನ್ನೂ ಕಟ್ಟಡದ ಬಗ್ಗೆ ಬಂದ ದೂರು ಎಂದೇ ದಾಖಲಿಸಿಕೊಳ್ಳಬೇಕು. ಅವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ, ಕೆಲವು ಮಾತ್ರ ಜೀವಕ್ಕೇ ಎರವಾಗುವಂಥವು.

ಸದ್ದು ಹರಿಯಲೆಂದೇ ಕಟ್ಟಿದ್ದು

ಹತ್ತೊಂಬತ್ತನೇ ಶತಮಾನದ ಜೈಲುಗಳಿಗೆ ಒಂದು ಸ್ಪಷ್ಟ ವಿನ್ಯಾಸವಿತ್ತು. ನಡುವೆ ಕಾವಲು ಗೋಪುರ ಅಥವಾ ಎತ್ತರದ ಹಜಾರ, ಅಲ್ಲಿಂದ ಕವಲೊಡೆದ ಉದ್ದನೆಯ ಸಾಲುಗಳು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಇಂಥ 7 ಸಾಲುಗಳಿದ್ದವು, 693 ಕೋಣೆಗಳಿದ್ದವು. ಬೆಂಗಳೂರಿನ ಹಳೆ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಆಗಿದೆ, ನಡುವಿನ ಕಾವಲು ಗೋಪುರವನ್ನು ಅಲ್ಲಿ ಇವತ್ತಿಗೂ ನೋಡಬಹುದು. 1842ರಲ್ಲಿ ಶುರುವಾದ ಲಂಡನ್ನಿನ ಪೆಂಟನ್‌ವಿಲ್ ಜೈಲಿನ ಕೋಣೆ 13 ಅಡಿ ಉದ್ದ, 7 ಅಡಿ ಅಗಲ, 9 ಅಡಿ ಎತ್ತರ. ಪಕ್ಕದ ಕೈದಿಯ ಜೊತೆ ಮಾತು ಸಾಧ್ಯವಾಗಬಾರದೆಂದು ಕೋಣೆಗಳ ನಡುವಿನ ಗೋಡೆಯನ್ನು ದಪ್ಪವಾಗಿ ಕಟ್ಟಿದರು. ಓಣಿಯನ್ನು ಮಾತ್ರ ನೆಲದಿಂದ ಮಾಡಿನವರೆಗೆ ತೆರೆದೇ ಬಿಟ್ಟರು. ಒಬ್ಬ ಕಾವಲುಗಾರ ಒಂದೇ ಕಡೆ ನಿಂತು ಇಡೀ ಸಾಲನ್ನು ನೋಡಬೇಕು, ಕೇಳಿಸಿಕೊಳ್ಳಬೇಕು. ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಜೈಲಿನಲ್ಲಿ ಕಾವಲುಗಾರರು ತಮ್ಮ ಹೆಜ್ಜೆ ಕೇಳಿಸಬಾರದೆಂದು ಬೂಟಿನ ಮೇಲೆ ಕಾಲುಚೀಲ ಹಾಕಿಕೊಳ್ಳುತ್ತಿದ್ದರು. ಸದ್ದು ಅಷ್ಟು ದೂರ ಹೋಗುತ್ತಿತ್ತು.

ಇದನ್ನು ಲೆಕ್ಕದಲ್ಲೇ ನೋಡಬಹುದು. 30 ಮೀಟರ್ ಉದ್ದ, 4 ಮೀಟರ್ ಅಗಲ, 8 ಮೀಟರ್ ಎತ್ತರದ ಓಣಿ ಎಂದುಕೊಳ್ಳಿ. ಒಳಗಿನ ಗಾಳಿ 960 ಘನ ಮೀಟರ್, ಸುತ್ತಲ ಮೇಲ್ಮೈ 784 ಚದರ ಮೀಟರ್. ಕಲ್ಲು ಮತ್ತು ಗಟ್ಟಿ ಗಾರೆ ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಮಾತ್ರ ಹೀರುತ್ತವೆ, ಉಳಿದದ್ದು ವಾಪಸ್ಸು. ಸದ್ದು ಅಡಗಲು ಬೇಕಾದ ಸಮಯವನ್ನು ಲೆಕ್ಕ ಹಾಕುವ ಸೇಬಿನ್ ಸೂತ್ರದ ಪ್ರಕಾರ ಇಲ್ಲಿ ಒಂದು ಚಪ್ಪಾಳೆ ಪೂರ್ತಿ ಸಾಯಲು ಸುಮಾರು 6.5 ಸೆಕೆಂಡ್ ಬೇಕು. ಸಾಮಾನ್ಯ ಮಲಗುವ ಕೋಣೆಯಲ್ಲಿ ಅರ್ಧ ಸೆಕೆಂಡ್ ಸಾಕು. ಇನ್ನೂ ಮುಖ್ಯವಾದ ಸಂಗತಿ ದಿಕ್ಕಿನದು. ಇಂಥ ಜಾಗದಲ್ಲಿ ಸದ್ದಿನ ಮೂಲದಿಂದ ಮುಕ್ಕಾಲು ಮೀಟರ್ ಆಚೆ ಹೋದರೆ ಸಾಕು, ಗೋಡೆಗಳಿಂದ ತಿರುಗಿ ಬರುವ ಸದ್ದು ನೇರ ಸದ್ದಿಗಿಂತ ಜೋರಾಗಿರುತ್ತದೆ. ಆಗ ಕಿವಿಗೆ ದಿಕ್ಕು ಸರಿಯಾಗಿ ಸಿಗುವುದಿಲ್ಲ. ಆಚೆ ತುದಿಯ ಕೋಣೆಯಲ್ಲಿ ಯಾರೋ ಚಪ್ಪಲಿ ಎಳೆದರೆ ನಿಮ್ಮ ಬಾಗಿಲ ಮುಂದೆಯೇ ನಡೆದಂತೆ ಕೇಳುತ್ತದೆ. ಬಾಗಿಲು ತೆಗೆದರೆ ಯಾರೂ ಇರುವುದಿಲ್ಲ. ‘ಕಾಣದ ಹೆಜ್ಜೆ’ಯ ಕಥೆಗಳು ಹುಟ್ಟಲು ಇಷ್ಟು ಸಾಕು.

ಇದೇ ಓಣಿಗೆ ದಪ್ಪ ನೆರಿಗೆ ಪರದೆ, ಗೋಡೆಗೆ ಬಟ್ಟೆಯ ಹಲಗೆ, ನೆಲಕ್ಕೆ ದಪ್ಪ ಹಾಸು ಸೇರಿಸಿ, ಒಟ್ಟು 100 ಚದರ ಮೀಟರ್ ಜಾಗ ಸದ್ದಿನ ಅರ್ಧದಷ್ಟನ್ನು ಹೀರುವಂತೆ ಮಾಡಿದರೆ 6.5 ಸೆಕೆಂಡ್ ಎರಡಕ್ಕೆ ಇಳಿಯುತ್ತದೆ. ಬಂಗಲೆಯ ಕೆಂಪು ಗಾರೆ ನೆಲದ ಹಜಾರಕ್ಕೂ ಮದ್ದು ಇದೇ. ತೆಳು ನಾರಿನ ಚಾಪೆಯೊಂದೇ ಸಾಲದು, ಅದು ಹೆಜ್ಜೆ ಸದ್ದನ್ನು ತಗ್ಗಿಸಬಹುದೇ ಹೊರತು ಮಾತಿನ ಗುಂಗನ್ನು ತಗ್ಗಿಸುವುದಿಲ್ಲ.

ಜೈಲನ್ನು ವಸತಿ ಮಾಡುವವರು ಎರಡು ಮೂರು ಕೋಣೆ ಸೇರಿಸಿ ಒಂದು ರೂಮು ಮಾಡುತ್ತಾರೆ. ಆಕ್ಸ್‌ಫರ್ಡಿನಲ್ಲಿ ಎರಡು ಕೋಣೆ ಮಲಗಲು, ಒಂದು ಸ್ನಾನಕ್ಕೆ. ನಡುವಿನ ಗೋಡೆಯನ್ನು ಪೂರ್ತಿ ಒಡೆಯುವಂತಿಲ್ಲ. ಮೇಲಿನ ಕಮಾನಿನ ಭಾರ ಹೊರುವುದು ಆ ಗೋಡೆಯೇ, ಕಮಾನು ಪಕ್ಕಕ್ಕೆ ತಳ್ಳುವುದನ್ನು ತಡೆಯುವುದೂ ಅದೇ. ಅದಕ್ಕೇ ಬಾಗಿಲಿನಷ್ಟು ಜಾಗ ಕೊರೆದು ಮೇಲೆ ತೊಲೆ ಕೂರಿಸುತ್ತಾರೆ. ಹಳೆ ಬಂಗಲೆಯಲ್ಲಿ ‘ಅಟ್ಯಾಚ್ಡ್ ಬಾತ್‌ರೂಮ್’ಗಾಗಿ ಗೋಡೆ ಒಡೆಯುವ ಮೊದಲು ಮಾಡಿನ ತೊಲೆ ಯಾವ ಗೋಡೆಯ ಮೇಲೆ ಕೂತಿದೆ ಎಂದು ಅಟ್ಟ ಹತ್ತಿ ನೋಡಲೇಬೇಕು. ತೊಲೆ ಒಂದಿಷ್ಟು ಕುಗ್ಗಿದರೂ ಬಾಗಿಲ ಚೌಕಟ್ಟು ವಾರೆಯಾಗಿ, ಬಾಗಿಲು ತಾನಾಗಿ ತೆರೆದುಕೊಳ್ಳಲು ಶುರುವಾಗುತ್ತದೆ.

ಮೊದಲು ಹುಡುಕಬೇಕಾದದ್ದು ಬಚ್ಚಲಿನಲ್ಲಿ

ದೂರು ಯಾವುದೇ ಇರಲಿ, ಮೊದಲ ತಪಾಸಣೆ ಕಾರ್ಬನ್ ಮೊನಾಕ್ಸೈಡಿನದು. ಅರೆಬರೆ ಉರಿಯಿಂದ ಹುಟ್ಟುವ ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನಲ್ಲಿ ಒಳಹೋದರೆ ತಲೆನೋವು, ವಾಕರಿಕೆ, ಎದೆ ಬಿಗಿತ, ಗೊಂದಲ, ಕೆಲವರಿಗೆ ಭ್ರಮೆ ಕೂಡ. 1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ ಒಂದು ಕುಟುಂಬದ ಪ್ರಕರಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಮನೆಯವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಅಪರಿಚಿತರು ಕಾಣುತ್ತಿದ್ದರು. ಕಾರಣ ಹುಡುಕಿದಾಗ ಸಿಕ್ಕಿದ್ದು ಮನೆ ಬಿಸಿ ಮಾಡುವ ಕುಲುಮೆಯ ಕೆಟ್ಟ ಸ್ಥಿತಿ. ಹೊಗೆ ಹೊರಗೆ ಹೋಗುವ ಬದಲು ಕೋಣೆಗಳಿಗೆ ನುಗ್ಗುತ್ತಿತ್ತು.

ಮಲೆನಾಡಿನ ಮನೆಯಲ್ಲಿ ಈ ಅಪಾಯ ಬರುವ ದಾರಿ ಬೇರೆ. ಹಿಂದೆ ಬಚ್ಚಲಿನಲ್ಲಿ ಹಂಡೆ, ಸೌದೆ ಒಲೆ ಇತ್ತು. ಹೊಗೆ ಹೋಗಲೆಂದು ಮಾಡಿನ ಕೆಳಗೆ ಗೋಡೆ ತೆರೆದಿರುತ್ತಿತ್ತು. ಹೋಮ್‌ಸ್ಟೇ ಮಾಡುವಾಗ ಆ ಸಂದು ಮುಚ್ಚಿ, ಟೈಲ್ಸ್ ಹಾಕಿ, ಗಾಜಿನ ಕಿಟಕಿ ಕೂರಿಸಿ, ಗ್ಯಾಸ್ ಗೀಸರ್ ತೂಗುಹಾಕುತ್ತಾರೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಸುಮಾರು 12 ಕಿಲೋವಾಟ್‌ನಲ್ಲಿ ಉರಿದರೆ ಗಂಟೆಗೆ ಒಂದು ಕಿಲೋಗೆ ತುಸು ಕಡಿಮೆ ಅನಿಲ ಬೇಕು, ಅದು ಪೂರ್ತಿ ಉರಿಯಲು ಗಂಟೆಗೆ 12 ಘನ ಮೀಟರ್ ಗಾಳಿ ಬೇಕು. ಸಣ್ಣ ಬಚ್ಚಲಿನಲ್ಲಿ ಇರುವುದೇ ಸುಮಾರು 8 ಘನ ಮೀಟರ್. ಇಬ್ಬರು ಒಬ್ಬರ ಹಿಂದೊಬ್ಬರು ಸ್ನಾನ ಮಾಡಿ 20 ನಿಮಿಷ ಗೀಸರ್ ಉರಿದರೆ ಅರ್ಧ ಬಚ್ಚಲಿನ ಗಾಳಿ ಬಳಕೆಯಾಗಿರುತ್ತದೆ. ಆಮ್ಲಜನಕ ಇಳಿದಂತೆ ಉರಿ ಅರೆಬರೆಯಾಗಿ ವಿಷಾನಿಲ ಏರುತ್ತದೆ. ನೀಲಿ ಜ್ವಾಲೆ ಹಳದಿಗೆ ತಿರುಗಿದ್ದರೆ, ಗೀಸರ್ ಮೇಲೆ ಮಸಿ ಕಟ್ಟಿದ್ದರೆ ಆ ಕ್ಷಣವೇ ನಿಲ್ಲಿಸಬೇಕು.

ಗ್ಯಾಸ್ ಗೀಸರ್ ಇರಬೇಕಾದ ಜಾಗ ಬಚ್ಚಲಿನ ಹೊರಗೆ, ಗೋಡೆಯ ಆಚೆ ಮೈಯಲ್ಲಿ. ಬಚ್ಚಲಿಗೆ ಮುಚ್ಚಲಾಗದ ಎರಡು ಗಾಳಿಕಿಂಡಿ ಇರಲಿ, ಒಂದು ನೆಲದ ಹತ್ತಿರ, ಇನ್ನೊಂದು ಸೂರಿನ ಹತ್ತಿರ. ಸೋರಿದ ಅಡುಗೆ ಅನಿಲ ಕೆಳಗೆ ಕೂರುತ್ತದೆ, ಉರಿದ ಬಿಸಿ ಅನಿಲ ಮೇಲೇರುತ್ತದೆ, ಆದ್ದರಿಂದ ಎರಡೂ ಬೇಕು. ಡಿಸೆಂಬರ್ ಚಳಿಗೆ ಮಲಗುವ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಇಡುವುದಂತೂ ಕೂಡದೇ ಕೂಡದು. ಕರೆಂಟ್ ಹೋದಾಗ ಓಡಿಸುವ ಜನರೇಟರ್ ಯಾವ ಕಿಟಕಿಯಿಂದಲೂ ಕನಿಷ್ಠ 6 ಮೀಟರ್ ದೂರವಿರಬೇಕು, ಹೊಗೆ ಕೊಳವೆ ಮನೆಗೆ ಬೆನ್ನು ಮಾಡಿರಬೇಕು. ಪ್ರತಿ ಮಲಗುವ ಕೋಣೆಗೂ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ. ಯುರೋಪಿನ ಮಾನದಂಡದ ಅಲಾರಂ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿಗೆ 50 ಪಾಲು) ಮಟ್ಟದಲ್ಲಿ 60ರಿಂದ 90 ನಿಮಿಷಕ್ಕೆ, 100 ಪಿಪಿಎಂನಲ್ಲಿ 10ರಿಂದ 40 ನಿಮಿಷಕ್ಕೆ, 300 ಪಿಪಿಎಂನಲ್ಲಿ 3 ನಿಮಿಷದೊಳಗೆ ಕೂಗುತ್ತದೆ. ಒಂದೇ ಕೋಣೆಯಲ್ಲಿದ್ದ ಎಲ್ಲರಿಗೂ ತಲೆನೋವು ಬಂದು, ಅಂಗಳಕ್ಕೆ ಬಂದ ಮೇಲೆ ಕಡಿಮೆಯಾದರೆ ಮತ್ತೆ ಆ ಕೋಣೆಗೆ ಯಾರನ್ನೂ ಬಿಡಬೇಡಿ. ಎಲ್ಲರನ್ನೂ ಆಸ್ಪತ್ರೆಗೆ ಕರೆದೊಯ್ದು, ಈ ಅನಿಲದ ಅನುಮಾನವಿದೆ ಎಂದು ಬಾಯಿಬಿಟ್ಟು ಹೇಳಿ.

ತಾನಾಗಿ ಮಿಣುಕುವ ದೀಪ

ದೀಪದ ದೂರುಗಳಲ್ಲಿ ಎರಡನ್ನು ಬೇರೆ ಬೇರೆ ನೋಡಬೇಕು. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಂದವಾಗಿ ಹೊಳೆಯುವುದು ಒಂದು. ಇಂಡಿಕೇಟರ್ ಇರುವ ಸ್ವಿಚ್ಚಿನ ಮೂಲಕ ಅಥವಾ ಉದ್ದ ವೈರ್‌ಗಳ ನಡುವೆ ಹರಿಯುವ ಅತ್ಯಲ್ಪ ಕರೆಂಟೇ ಎಲ್‌ಇಡಿಯನ್ನು ಮಿಣುಕಿಸಬಲ್ಲದು, ಇದರಿಂದ ತೊಂದರೆಯಿಲ್ಲ. ಆದರೆ ಹಳೆ ಮನೆಗಳಲ್ಲಿ ಸ್ವಿಚ್ಚನ್ನು ಫೇಸ್ (ಕರೆಂಟ್ ಬರುವ ತಂತಿ) ಬದಲು ನ್ಯೂಟ್ರಲ್‌ಗೆ (ಕರೆಂಟ್ ವಾಪಸ್ಸು ಹೋಗುವ ತಂತಿ) ಹಾಕಿರುವುದೂ ಉಂಟು. ಆಗ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಬಲ್ಬ್ ಬದಲಿಸಲು ಹೋದವರಿಗೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಟೆಸ್ಟರ್ ಇಟ್ಟರೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಹೆಚ್ಚು ಗಂಭೀರ. ಒಂದು ಕೋಣೆಯ ದೀಪ ಮಂಕಾದಾಗ ಇನ್ನೊಂದು ಕೋಣೆಯದು ಝಗ್ಗನೆ ಬೆಳಗಿದರೆ ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಸಡಿಲವಾಗಿದೆ ಎಂದೇ ತಿಳಿಯಬೇಕು. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ಬಡಿದು ಹೀಗಾಗುವುದು ಸಾಮಾನ್ಯ. ನ್ಯೂಟ್ರಲ್ ಪೂರ್ತಿ ಕಳಚಿದರೆ 230 ವೋಲ್ಟಿನ ಸಾಮಾನಿಗೆ 400ರ ಹತ್ತಿರ ನುಗ್ಗಬಹುದು. ಫ್ರಿಜ್ಜು, ಟಿವಿ ಸುಡುವುದರ ಜೊತೆಗೆ ಬೆಂಕಿ ಹತ್ತುವ ಸಾಧ್ಯತೆಯೂ ಇದೆ. ಮೇನ್ ಇಳಿಸಿ, ಚಿಕ್ಕಮಗಳೂರಾದರೆ ಮೆಸ್ಕಾಂಗೆ, ಹಾಸನವಾದರೆ ಚೆಸ್ಕಾಂಗೆ ಹೇಳಿ. ಮನೆಯ ಒಳಗಿನ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿದುಹಾಕುವ ಸ್ವಿಚ್) ಇಲ್ಲದಿದ್ದರೆ ಇವತ್ತೇ ಹಾಕಿಸಿ.

ಸಂಜೆಯ ಠಕ್ ಠಕ್, ಅಟ್ಟದ ನಡಿಗೆ

ಸದ್ದಿನ ಮೂಲ ಹುಡುಕುವಾಗ ಜಾಗಕ್ಕಿಂತ ಹೊತ್ತು ಹೆಚ್ಚು ಹೇಳುತ್ತದೆ.

ಬಿಸಿಲಿನ ದಿನದ ಸಂಜೆ ಒಂದೆರಡು ಗಂಟೆ, ಮತ್ತೆ ಬೆಳಿಗ್ಗೆ ಬಿಸಿಲೇರುವಾಗ ಮಾಡಿನಿಂದ ಬಿಟ್ಟು ಬಿಟ್ಟು ಬರುವ ಠಕ್ ಸದ್ದು ತಗಡಿನದು. 6 ಮೀಟರ್ ಉದ್ದದ ಶೀಟು 50 ಡಿಗ್ರಿಯಿಂದ 15ಕ್ಕೆ ತಣಿದರೆ ಸುಮಾರು ಎರಡೂವರೆ ಮಿಲಿಮೀಟರ್ ಕುಗ್ಗುತ್ತದೆ. ಬೋಲ್ಟು ಅದನ್ನು ಬಿಗಿಯಾಗಿ ಹಿಡಿದಿರುತ್ತದೆ, ಒತ್ತಡ ಹೆಚ್ಚಿದಾಗ ಶೀಟು ಜಾರಿ ಸದ್ದಾಗುತ್ತದೆ. ತೂತನ್ನು ಬೋಲ್ಟಿಗಿಂತ 2–3 ಮಿ.ಮೀ. ದೊಡ್ಡದು ಮಾಡಿ ಅಗಲ ವಾಷರ್ ಹಾಕಿದರೆ ಮೆತ್ತಗಾಗುತ್ತದೆ. ಮಂಗಳೂರು ಹೆಂಚಿನ ಮಾಡಿನಲ್ಲಿ ಈ ಸದ್ದು ಕಡಿಮೆ, ಏಕೆಂದರೆ ಚದರ ಮೀಟರಿಗೆ ಸುಮಾರು 15 ಬಿಡಿ ಹೆಂಚುಗಳು ರೀಪಿನ ಮೇಲೆ ಸುಮ್ಮನೆ ಕೂತಿರುತ್ತವೆ, ಒಂದೊಂದಕ್ಕೂ ಹಿಗ್ಗಲು ಜಾಗವಿದೆ. ಹೆಂಚಿನ ಮಾಡಿನಲ್ಲಿ ಸದ್ದು ಬಂದರೆ ಒಡೆದ ಅಥವಾ ಜಾರಿದ ಹೆಂಚು ಗಾಳಿಗೆ ಅಲುಗುತ್ತಿರಬಹುದು.

ಹಲಗೆ ಮಾಳಿಗೆಯ ಕಿರ್ ಕಿರ್ ವರ್ಷದ ಕಾಲದ ಮೇಲೆ ಹೋಗುತ್ತದೆ. ಮರದ ತೇವ ನೂರಕ್ಕೆ 10ರಿಂದ 18ಕ್ಕೇರಿದರೆ 20 ಸೆಂಟಿಮೀಟರ್ ಅಗಲದ ತೇಗದ ಹಲಗೆಯೂ ಸುಮಾರು 3 ಮಿ.ಮೀ. ಉಬ್ಬುತ್ತದೆ. ಆಷಾಢದಲ್ಲಿ ಬಿಗಿಯಾಗಿದ್ದ ಹಲಗೆ ಮಾಘದಲ್ಲಿ ಸಂದು ಬಿಟ್ಟು, ಮೊಳೆಯ ಮೇಲೆ ಏರಿಳಿದು ಕಿರುಗುಟ್ಟುತ್ತದೆ. ಜನ ಮಲಗಿದ ಮೇಲೂ ಕೇಳುತ್ತದೆ, ಏಕೆಂದರೆ ಹಗಲಿಡೀ ಒತ್ತಿಹೋದ ಹಲಗೆ ರಾತ್ರಿ ತಣಿಯುತ್ತ ನಿಧಾನವಾಗಿ ತನ್ನ ಜಾಗಕ್ಕೆ ಮರಳುತ್ತದೆ. ಮೊಳೆ ತೆಗೆದು ಸ್ಕ್ರೂ ಹಾಕಿದರೆ ನಿಲ್ಲುತ್ತದೆ.

ಸೂರ್ಯ ಮುಳುಗಿ ಅರ್ಧ ಗಂಟೆಗೆ ಒಮ್ಮೆ, ಬೆಳಕು ಹರಿಯುವ ಮುನ್ನ ಇನ್ನೊಮ್ಮೆ ಅಟ್ಟದ ಮೇಲೆ ಭಾರದ ಹೆಜ್ಜೆ ಕೇಳಿದರೆ ಅದು ಪುನುಗು ಬೆಕ್ಕು ಹೊರಗೆ ಹೋಗಿ ವಾಪಸ್ಸು ಬರುವ ಹೊತ್ತು. 2ರಿಂದ 5 ಕಿಲೋ ತೂಗುವ ಪ್ರಾಣಿ, ಮಗು ನಡೆದಷ್ಟು ಸದ್ದು. ಕಾಫಿ ಹಣ್ಣಾಗುವ ಕಾಲದಲ್ಲಿ ಅಟ್ಟದಲ್ಲಿ ಬೀಜ ಸಮೇತ ಹಿಕ್ಕೆ ಸಿಕ್ಕರೆ ಬೇರೆ ಸಾಕ್ಷಿ ಬೇಡ. ಇಲಿಯ ನಡಿಗೆ ಇದಕ್ಕಿಂತ ಹಗುರ, ವೇಗ, ರಾತ್ರಿಯಿಡೀ. ಯಾರೋ ನಿದ್ದೆಯಲ್ಲಿ ಗೊರಕೆ ಹೊಡೆದಂತೆ, ಬುಸ್ ಎಂದು ಉಸಿರೆಳೆದಂತೆ ಅಟ್ಟದಿಂದ ಗಂಟೆಗಟ್ಟಲೆ ಕೇಳುವುದು ಕಣಜ ಗೂಬೆಯ ಮರಿಗಳು ಆಹಾರ ಬೇಡುವ ಸದ್ದು. ಕೆಳಗೆ ಇಲಿಯ ಮೂಳೆ, ಕೂದಲು ಉಂಡೆಗಟ್ಟಿದ ಕರಿ ಗುಳಿಗೆಗಳು ಬಿದ್ದಿರುತ್ತವೆ. ಕಾಡಿನಂಚಿನಲ್ಲಿ ಹೆಂಗಸು ಚೀರಿದಂತೆ ಕೇಳುವುದು ಪಶ್ಚಿಮಘಟ್ಟದ ದೊಡ್ಡ ಕಾಡು ಗೂಬೆಯದಿರಬಹುದು. ನಾಯಿಯಂತೆ ಒಂದೊಂದೇ ಬೊಗಳಿಕೆ ಕಾಡುಕುರಿಯದು.

ಇಲಿಯೊಂದನ್ನು ಬಿಟ್ಟು ಈ ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಬೋನಿಟ್ಟು ಹಿಡಿಯುವುದು ಅಪರಾಧ. ಗೂಬೆ ಇದ್ದರೆ ಮನೆಯ ಇಲಿ ಕಡಿಮೆಯಾಗುತ್ತದೆ, ಮರಿಗಳು ಹಾರಿಹೋಗುವವರೆಗೆ ಕಾಯುವುದೇ ಒಳ್ಳೆಯದು. ಪುನುಗು ಬೆಕ್ಕು ಬರುವ ಸಂದನ್ನು ಗುರುತಿಸಿ, ಅಲ್ಲಿ ಬೂದಿ ಚೆಲ್ಲಿ ಹೆಜ್ಜೆ ನೋಡಿ. ಒಳಗೆ ಮರಿಯಿಲ್ಲ ಎಂದು ಖಚಿತವಾದ ಮೇಲೆ, ರಾತ್ರಿ ಅದು ಹೊರಟ ಬಳಿಕ 12 ಮಿ.ಮೀ. ಕಣ್ಣಿನ ಗಟ್ಟಿ ಜಾಲರಿ ಹೊಡೆಯಿರಿ. ಮಾಡಿಗೆ ತಾಗುವ ಕೊಂಬೆ ಸವರದೆ ಜಾಲರಿ ಹೊಡೆದರೆ ಅದು ಇನ್ನೊಂದು ಹೆಂಚು ಸರಿಸಿ ಒಳಬರುತ್ತದೆ.

ತಣ್ಣನೆ ಮೂಲೆ, ಬಡಿಯುವ ಬಾಗಿಲು

‘ಈ ಮೂಲೆಗೆ ಬಂದರೆ ಮೈ ಜುಮ್ಮೆನ್ನುತ್ತದೆ’ ಎಂಬ ಮೂಲೆಗಳಲ್ಲಿ ಹೆಚ್ಚಿನವು ಒದ್ದೆ ಮೂಲೆಗಳು. ಗೋಡೆಯ ನೀರು ಆವಿಯಾಗುವಾಗ ಗೋಡೆ ತಣ್ಣಗಾಗುತ್ತದೆ, ತಣ್ಣನೆ ಗೋಡೆಗೆ ನಮ್ಮ ಮೈಯ ಶಾಖ ಹೋಗುತ್ತದೆ. ಗಾಳಿಯ ಉಷ್ಣತೆ ಅಳೆದರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ, ಗೋಡೆಯ ಮೈ ಮುಟ್ಟಿ ನೋಡಿದರೆ ತಿಳಿಯುತ್ತದೆ. ಮಣ್ಣು, ಸುಣ್ಣದ ಗಾರೆಯ ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಹೊಡೆದ ಮನೆಗಳಲ್ಲಿ ಇದು ಹೆಚ್ಚು. ನೆಲದಿಂದ ಏರಿದ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿದು, ಉಪ್ಪು ಕಟ್ಟಿ, ಪ್ಲಾಸ್ಟರ್ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಸಿಮೆಂಟ್ ಕೆತ್ತಿ ತೆಗೆದು, ಗೋಡೆ ಒಣಗಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು ಒಂದೊಂದು ಪದರ 10–12 ಮಿ.ಮೀ. ಮೀರದಂತೆ ಹಚ್ಚಬೇಕು, ವಾರವಾದರೂ ತೇವ ಆರದಂತೆ ನೋಡಿಕೊಳ್ಳಬೇಕು. ಹೊರಗಿನ ಚರಂಡಿ ಒಳನೆಲಕ್ಕಿಂತ ಮೇಲಿದ್ದರೆ ಮೊದಲು ಅದನ್ನು ಇಳಿಸಿ, ಇಲ್ಲವಾದರೆ ಗಾರೆಯ ಖರ್ಚು ದಂಡ.

ಬಾಗಿಲು ಬಡಿಯುವುದರ ಹಿಂದಿನ ಬಲ ಚಿಕ್ಕದಲ್ಲ. ಸೆಕೆಂಡಿಗೆ 8 ಮೀಟರ್ ವೇಗದ ಗಾಳಿ ಕಿಟಕಿಯಿಂದ ನುಗ್ಗಿದರೆ 2 ಚದರ ಮೀಟರ್ ಬಾಗಿಲಿನ ಮೇಲೆ ಸುಮಾರು 8 ಕಿಲೋ ಭಾರದಷ್ಟು ನೂಕು ಬೀಳುತ್ತದೆ. ಈ ಬಡಿತಕ್ಕೆ ಹಳೆ ಚಿಲಕ ತಾನಾಗಿ ಬೀಳುವುದೂ ಉಂಟು. ಚಿಲಕ ಹೊರಗಿದ್ದರೆ ಒಳಗಿದ್ದವರು ಬಂದಿ. ಜೈಲಿನ ಬಾಗಿಲಿಗೆ ಬೀಗ ಹೊರಗಿರುವುದು ಅದರ ಕೆಲಸ, ಅತಿಥಿ ಮಲಗುವ ಕೋಣೆಯ ಹೊರಗೆ ಚಿಲಕ, ಕೊಂಡಿ ಏನೂ ಇರಬಾರದು. ಕಿಟಕಿಗೆ ಕಬ್ಬಿಣದ ಸರಳಿದ್ದರೆ ಪ್ರತಿ ಕೋಣೆಯಲ್ಲಿ ಒಂದಾದರೂ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವಂತಿರಬೇಕು. ಬೆಂಕಿ ಬಿದ್ದ ರಾತ್ರಿ ಇದೊಂದೇ ದಾರಿ.

ಎದೆಯ ಮೇಲೆ ಕೂತಂತೆ

ಎಲ್ಲ ಸರಿಯಿದ್ದೂ ಕೆಲವರು ‘ಎಚ್ಚರವಿತ್ತು, ಕೈಕಾಲು ಆಡಲಿಲ್ಲ, ಯಾರೋ ಎದೆ ಮೇಲೆ ಕೂತಿದ್ದರು’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕನಸಿನ ನಿದ್ದೆಯಲ್ಲಿ ಮೆದುಳು ಸ್ನಾಯುಗಳನ್ನು ಸಡಿಲಿಸಿ ಇಡುತ್ತದೆ, ಅದು ಬಿಡುವ ಮೊದಲೇ ಎಚ್ಚರವಾದರೆ ಕೆಲವು ಸೆಕೆಂಡ್‌ನಿಂದ ಒಂದೆರಡು ನಿಮಿಷ ಹೀಗಾಗುತ್ತದೆ, ಕನಸಿನ ಆಕೃತಿ ಕೋಣೆಯಲ್ಲೇ ಕಾಣುತ್ತದೆ. ನೂರರಲ್ಲಿ ಸುಮಾರು 8 ಮಂದಿಗೆ ಬದುಕಿನಲ್ಲಿ ಒಮ್ಮೆಯಾದರೂ ಆಗಿರುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗಿದವರಿಗೆ ಹೆಚ್ಚು. ಬೆಂಗಳೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿ, ಮರುದಿನ ಮುಳ್ಳಯ್ಯನಗಿರಿ ಹತ್ತಿ ಇಳಿದು ಮಲಗುವವರ ಸ್ಥಿತಿ ಅದೇ. ಹೊಸ ಜಾಗದ ಮೊದಲ ರಾತ್ರಿ ಮೆದುಳಿನ ಒಂದು ಅರ್ಧ ಇನ್ನೊಂದಕ್ಕಿಂತ ಹಗುರವಾಗಿ ಮಲಗಿ ಸದ್ದಿಗೆ ಕಿವಿಗೊಡುತ್ತಿರುತ್ತದೆ ಎಂದು 2016ರಲ್ಲಿ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಮನೆಯಲ್ಲಿ ಕೇಳದ ಫ್ರಿಜ್ಜಿನ ಸದ್ದು ಇಲ್ಲಿ ಎಬ್ಬಿಸುತ್ತದೆ.

ಕಿವಿಗೆ ಕೇಳದ ಮಂದ್ರ ಕಂಪನದ ವಾದವೂ ಇದೆ. 1998ರಲ್ಲಿ ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಫ್ಯಾನಿನಿಂದ ಹುಟ್ಟುತ್ತಿದ್ದ ಸುಮಾರು 19 ಹರ್ಟ್ಜ್ ಕಂಪನವೇ ಭಯಕ್ಕೆ ಕಾರಣವೆಂದು ಬರೆದರು. ಆಮೇಲಿನ ಪ್ರಯೋಗಗಳು ಇದನ್ನು ಒಂದೇ ಸಮನೆ ಎತ್ತಿಹಿಡಿದಿಲ್ಲ. ಫ್ಯಾನ್ ಕಂಪಿಸುತ್ತಿದ್ದರೆ ಬಿಗಿ ಮಾಡಿಸಿ, ಅದಕ್ಕಿಂತ ಹೆಚ್ಚು ಈ ವಾದವನ್ನು ನೆಚ್ಚಬೇಕಿಲ್ಲ.

ಸದ್ದಿನ ಪುಸ್ತಕ

ಹಜಾರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ದಿನ, ಗಂಟೆ, ಕೋಣೆ, ಎಷ್ಟು ಹೊತ್ತು ಕೇಳಿತು, ಮಳೆಯೋ ಬಿಸಿಲೋ, ಕರೆಂಟ್ ಇತ್ತೋ ಇಲ್ಲವೋ, ಗೀಸರ್, ಪಂಪ್, ಜನರೇಟರ್ ಓಡುತ್ತಿತ್ತೋ, ಕೋಣೆಯಲ್ಲಿದ್ದ ಎಲ್ಲರಿಗೂ ಅನಿಸಿತೋ ಒಬ್ಬರಿಗೋ. ಇಷ್ಟು ಅಂಕಣ ಸಾಕು. ಅತಿಥಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ, ‘ಹೆಜ್ಜೆ’ ಎಂದದ್ದನ್ನು ‘ಇಲಿ’ ಎಂದು ತಿದ್ದಬೇಡಿ. ಹತ್ತು ಹನ್ನೆರಡು ನಮೂದು ಆಗುವಷ್ಟರಲ್ಲಿ ಗಂಟೆಗಳು ಒಂದರ ಪಕ್ಕ ಒಂದು ಬಂದು ಕೂರುತ್ತವೆ. ಕೋಣೆ ಗುಡಿಸುವ ಹೆಂಗಸರನ್ನೂ ಕೇಳಿ. ಒಂದು ಕೋಣೆಗೆ ಒಬ್ಬರೇ ಹೋಗಲು ಅವರು ಹಿಂಜರಿಯುತ್ತಿದ್ದರೆ ಅಲ್ಲಿನ ಮುಗ್ಗಲು, ಸೋರಿಕೆ, ಕರೆಂಟ್ ಹೊಡೆತ ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಾಗಿರುತ್ತದೆ. ದೆವ್ವದ ಹೆಸರಲ್ಲಿ ಕೋಣೆಗೆ ಹೆಚ್ಚು ಬಾಡಿಗೆ ಕೇಳುವ ಹೋಮ್‌ಸ್ಟೇಗಳಲ್ಲಿ ಈ ಮಾತುಗಳು ಮಾಲೀಕರ ಕಿವಿಗೆ ಬೀಳುವುದೇ ಇಲ್ಲ, ದೂರೇ ಅಲ್ಲಿ ಜಾಹೀರಾತಾಗಿರುತ್ತದೆ. ನಮ್ಮ ವಿರೋಧ ಇದಕ್ಕೆ.

ಅತಿಥಿ ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೆ ನಕ್ಕು ಕಳಿಸಬೇಡಿ. ತಲೆ ನೋಯುತ್ತಿದೆಯೇ, ಜೊತೆಯಲ್ಲಿದ್ದವರಿಗೂ ಹಾಗೆ ಆಗುತ್ತಿದೆಯೇ ಎಂದು ಮೊದಲು ಕೇಳಿ. ಕಿಟಕಿ ಬಾಗಿಲು ತೆರೆಸಿ, ಎಲ್ಲರನ್ನೂ ಜಗಲಿಗೆ ಕರೆತಂದು, ಗೀಸರಿನ ಸಿಲಿಂಡರ್ ರೆಗ್ಯುಲೇಟರ್ ಮುಚ್ಚಿ. ಆಮೇಲೆ ಟಾರ್ಚ್ ಹಿಡಿದು ಅಟ್ಟ ನೋಡಿ.